ಗುಜರಿಗೆ ಹೋಗುವ ಬಸ್ಸು, ಊರಿಗೆ ಬರುವ ಬಸ್ಸು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಮುಂಬೈಯಿಂದ ಚೆನ್ನೈಗೆ ಹೋಗುವ ಹಳಿ ಜಿಲ್ಲೆಯನ್ನು ಸೀಳಿಕೊಂಡೇ ಹಾದುಹೋಗುತ್ತದೆ. ಗಾಣಗಾಪುರ ರೋಡ್ ಎಂಬ ಹೆಸರಿನ ನಿಲ್ದಾಣವೂ ಇದೆ. ಆದರೆ ಅಲ್ಲಿ ಇಳಿದ ದತ್ತಭಕ್ತರು ಭೀಮಾ–ಅಮರ್ಜಾ ಸಂಗಮದ ಕ್ಷೇತ್ರ ಮುಟ್ಟಲು ಮತ್ತೆ ಬಸ್ಸನ್ನೋ ಜೀಪನ್ನೋ ಹಿಡಿಯಲೇಬೇಕು. ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗುವ ವಿದ್ಯಾರ್ಥಿ, ತೊಗರಿಯ ಧಾರಣೆ ಕೇಳಲು ಕಲಬುರಗಿಯ ಎಪಿಎಂಸಿಗೆ ಹೊರಟ ರೈತ, ಮಗುವನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ಯುವ ತಾಯಿ ಎಲ್ಲರೂ ನಿಲ್ಲುವುದು ಬಸ್‌ಸ್ಟ್ಯಾಂಡಿನಲ್ಲಿ.

ಈ ಸೀಮೆಗೆ ಸರ್ಕಾರಿ ಬಸ್ಸು ಹೊಸದಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ರೈಲ್ವೆ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರುಮಾಡಿತು. ಕಲಬುರಗಿ ಆಗ ಆ ಸಂಸ್ಥಾನದ ಭಾಗ. 1956ರ ಏಕೀಕರಣದ ನಂತರ ಸಾರಿಗೆ ಕನ್ನಡ ನಾಡಿನ ಕೈಗೆ ಬಂತು. 2000ದಲ್ಲಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಕಲಬುರಗಿಯನ್ನು ಕೇಂದ್ರವಾಗಿ ಮಾಡಿಕೊಂಡು ಹುಟ್ಟಿತು. 2021ರಲ್ಲಿ ಅದರ ಹೆಸರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂದಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಹೆಣ್ಣುಮಕ್ಕಳು ಟಿಕೆಟಿನ ಹಣದ ಚಿಂತೆಯಿಲ್ಲದೆ ಬಸ್ ಹತ್ತತೊಡಗಿದರು.

ಅದೇ ವರ್ಷ ಏಪ್ರಿಲ್ 1ರಿಂದ ಇನ್ನೊಂದು ನಿಯಮವೂ ಜಾರಿಗೆ ಬಂದಿತ್ತು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸಬಾರದು, ಅವು ಗುಜರಿಗೆ ಹೋಗಬೇಕು ಎಂದು ಕೇಂದ್ರ ಸರ್ಕಾರ ಆದೇಶಿಸಿತು. ಸಾರಿಗೆ ನಿಗಮಗಳ ಬಸ್ಸುಗಳೂ ಇದರಲ್ಲಿ ಸೇರಿದವು. ಹಳೆಯ ಬಸ್ಸು ಹೊಗೆ ಕಕ್ಕುತ್ತದೆ, ಡೀಸೆಲ್ ಕುಡಿಯುತ್ತದೆ, ಅದನ್ನು ತೆಗೆದು ಹೊಸದನ್ನು ತಂದರೆ ಗಾಳಿಗೂ ಭೂಮಿಗೂ ಒಳ್ಳೆಯದು ಎಂಬುದು ಇದರ ಹಿಂದಿನ ಆಲೋಚನೆ. ಮಾತು ನಿಜ. ಆದರೆ ಎಷ್ಟರ ಮಟ್ಟಿಗೆ, ಯಾವ ಷರತ್ತಿನ ಮೇಲೆ ನಿಜ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಈ ಅಧ್ಯಾಯ ಆ ಲೆಕ್ಕದ್ದು.

ಒಂದು ಲೀಟರ್ ಡೀಸೆಲ್‌ನ ತೂಕ

ಒಂದು ಲೀಟರ್ ಡೀಸೆಲ್ ಸುಮಾರು 830–840 ಗ್ರಾಂ ತೂಗುತ್ತದೆ. ಅದರಲ್ಲಿ 720 ಗ್ರಾಂನಷ್ಟು ಇಂಗಾಲವೇ. ಎಂಜಿನ್ನಿನಲ್ಲಿ ಉರಿದಾಗ ಇಂಗಾಲದ ಪ್ರತಿ ಪರಮಾಣುವೂ ಗಾಳಿಯಿಂದ ಎರಡು ಆಮ್ಲಜನಕ ಪರಮಾಣುಗಳನ್ನು ಎಳೆದುಕೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಇಂಗಾಲದ ತೂಕ 12, ಎರಡು ಆಮ್ಲಜನಕದ್ದು 32, ಕೂಡಿದರೆ 44. ಹೀಗಾಗಿ 720 ಗ್ರಾಂ ಇಂಗಾಲ ಹೊಗೆಕೊಳವೆಯಿಂದ ಹೊರಬರುವಾಗ 2.6 ಕಿಲೋ ದಾಟಿರುತ್ತದೆ. ನಮ್ಮ ಲೆಕ್ಕಕ್ಕೆ 2.65 ಕಿಲೋ ಎಂದು ಹಿಡಿಯೋಣ. ತುಂಬಿಸಿದ ಇಂಧನಕ್ಕಿಂತ ಮೂರು ಪಟ್ಟು ಭಾರದ ಅನಿಲ ಹೊರಬರುವ ಗುಟ್ಟು ಇಷ್ಟೇ: ಹೆಚ್ಚಿನ ತೂಕ ಗಾಳಿಯದು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಈ 2.65 ಕಿಲೋವನ್ನು ಯಾವ ಸೋಸುಕವೂ ಹಿಡಿದಿಡುವುದಿಲ್ಲ. ಎಂಜಿನ್ ಹೊಸದಾಗಿರಲಿ, ಹಳೆಯದಾಗಿರಲಿ, ಲೀಟರ್ ಉರಿದರೆ ಅಷ್ಟು ಅನಿಲ ಹುಟ್ಟಿಯೇ ತೀರುತ್ತದೆ. ಅದನ್ನು ಕಡಿಮೆ ಮಾಡಲು ಇರುವ ದಾರಿ ಒಂದೇ, ಕಡಿಮೆ ಡೀಸೆಲ್ ಉರಿಸುವುದು.

ಲೀಟರಿಗೆ 5 ಕಿ.ಮೀ. ಕೊಡುವ ಬಸ್ಸು ದಿನಕ್ಕೆ 400 ಕಿ.ಮೀ. ಓಡಿದರೆ 80 ಲೀಟರ್ ಬೇಕು. ಅಂದರೆ ದಿನಕ್ಕೆ 212 ಕಿಲೋ ಕಾರ್ಬನ್ ಡೈಆಕ್ಸೈಡ್. ವರ್ಷಕ್ಕೆ ಒಂದು ಲಕ್ಷ ಕಿ.ಮೀ. ಓಡಿದರೆ 20,000 ಲೀಟರ್, 53 ಟನ್. ಕೆಂಪು ಬಣ್ಣದ ಒಂದೇ ಒಂದು ಸಾಮಾನ್ಯ ಬಸ್ಸಿನ ಬಾಬತ್ತು ಇದು.

ವಯಸ್ಸಾದ ಎಂಜಿನ್ನಿನೊಳಗೆ

ರಾತ್ರಿ ಡಿಪೋದ ಗೇಟು ದಾಟಿದ ಬಸ್ಸು ಡೀಸೆಲ್ ಪಂಪಿನ ಮುಂದೆ ನಿಲ್ಲುತ್ತದೆ. ಎಷ್ಟು ಕಿ.ಮೀ. ಓಡಿತು, ಎಷ್ಟು ಲೀಟರ್ ಹಿಡಿಯಿತು ಎಂಬುದು ದಾಖಲಾಗುತ್ತದೆ. ಕಿ.ಮೀ.ಯನ್ನು ಲೀಟರಿನಿಂದ ಭಾಗಿಸಿದರೆ ಸಿಗುವುದೇ ಡಿಪೋದವರ ಬಾಯಲ್ಲಿ ಸದಾ ಇರುವ ಕೆಎಂಪಿಎಲ್. ಚಾಲಕರನ್ನು ಹೊಗಳುವುದೂ, ಗಾಡಿಯನ್ನು ಮೆಕ್ಯಾನಿಕ್ ಕೈಗೆ ಒಪ್ಪಿಸುವುದೂ ಈ ಅಂಕಿಯ ಮೇಲೆಯೇ. ಹವಾಮಾನದ ಪರಿಭಾಷೆಯೇನೂ ಗೊತ್ತಿಲ್ಲದೆ ನಮ್ಮ ಡಿಪೋಗಳು ದಶಕಗಳಿಂದ ಇಂಗಾಲದ ಲೆಕ್ಕ ಇಟ್ಟುಕೊಂಡು ಬಂದಿವೆ.

ಗಾಡಿ ಹಳೆಯದಾದಂತೆ ಈ ಅಂಕಿ ಯಾಕೆ ಇಳಿಯುತ್ತದೆ? ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಹದಿನೇಳು–ಹದಿನೆಂಟು ಪಟ್ಟು ಒತ್ತುತ್ತದೆ. ಹಾಗೆ ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಅದೇ ಗಳಿಗೆಗೆ ನಾಝಲ್‌ನ ಸಣ್ಣ ತೂತುಗಳಿಂದ ಡೀಸೆಲ್ ಮಂಜಿನಂತೆ ಚಿಮ್ಮಿ ತಾನಾಗಿ ಹೊತ್ತಿಕೊಳ್ಳುತ್ತದೆ. ಇಡೀ ಆಟ ನಿಂತಿರುವುದು ಎರಡರ ಮೇಲೆ: ಒತ್ತಡ ಸೋರಬಾರದು, ಹನಿಗಳು ನುಣ್ಣಗಿರಬೇಕು.

ಲಕ್ಷಾಂತರ ಕಿ.ಮೀ. ಓಡಿದ ಎಂಜಿನ್ನಿನಲ್ಲಿ ಎರಡೂ ಕೆಡುತ್ತವೆ. ಪಿಸ್ಟನ್ ರಿಂಗು, ಲೈನರು ಸವೆದು ಒತ್ತಡ ಕೆಳಗೆ ಸೋರುತ್ತದೆ. ನಾಝಲ್‌ನ ತೂತು ಸವೆದು ಅಗಲವಾಗುತ್ತದೆ, ಇಲ್ಲವೇ ಮಸಿ ಕಟ್ಟಿ ಮುಚ್ಚಿಕೊಳ್ಳುತ್ತದೆ. ಆಗ ಮಂಜಿನ ಬದಲು ದಪ್ಪ ಹನಿಗಳು ಬೀಳುತ್ತವೆ. ದಪ್ಪ ಹನಿಯ ಹೊರಮೈ ಉರಿಯುವಷ್ಟರಲ್ಲಿ ಹೊಗೆ ಬಿಡುವ ವೇಳೆ ಬಂದಿರುತ್ತದೆ. ಉರಿಯದೆ ಉಳಿದ ಒಳಗಿನ ಇಂಗಾಲ ಕರಿ ಹೊಗೆಯಾಗಿ ಹೊರಬೀಳುತ್ತದೆ. ಏರಿನಲ್ಲಿ ಹಳೆಯ ಬಸ್ಸು ಬಿಡುವ ಕಪ್ಪು ಮೋಡ ಎಂದರೆ ಕೆಲಸಕ್ಕೆ ಬಾರದೆ ಹೋದ ಡೀಸೆಲ್.

ಇದಕ್ಕೆ ಈ ನೆಲದ ಕಾಣಿಕೆಯೂ ಸೇರುತ್ತದೆ. ಮೂರೂ ತಾಲ್ಲೂಕುಗಳದ್ದು ಬಹುಪಾಲು ಎರೆ ಭೂಮಿ. ಎರೆಮಣ್ಣಿನ ಕಣಗಳು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತವೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರುಕು ಬಿಡುತ್ತವೆ. ತೊಗರಿಗೆ ಅಮೃತದಂಥ ಈ ಮಣ್ಣು ರಸ್ತೆಗೆ ಮಾತ್ರ ಪರೀಕ್ಷೆ. ಅಡಿಪಾಯ ಸರಿಯಿಲ್ಲದ ಡಾಂಬರು ಒಂದೆರಡು ಮಳೆಗಾಲಕ್ಕೆ ಅಲೆಯಲೆಯಾಗಿ ಏಳುತ್ತದೆ. ಅಂಥ ರಸ್ತೆಯಲ್ಲಿ ಚಾಲಕ ಮತ್ತೆ ಮತ್ತೆ ಬ್ರೇಕು ಒತ್ತಿ, ಗೇರು ಇಳಿಸಿ, ವೇಗ ಎತ್ತಬೇಕು. ಪ್ರತಿ ಬ್ರೇಕಿನಲ್ಲೂ ಹತ್ತು ಟನ್ನಿಗೂ ಮೀರಿದ ತೂಕದ ಬಂಡಿಯ ವೇಗ ಬರೀ ಶಾಖವಾಗಿ ಹೋಗುತ್ತದೆ, ಮತ್ತೆ ಆ ವೇಗ ತರಲು ಡೀಸೆಲ್ ಬೇಕು. ಬೇಸಿಗೆಯ ದೂಳು ಏರ್ ಫಿಲ್ಟರಿನ ಉಸಿರು ಕಟ್ಟುತ್ತದೆ. ಆದ್ದರಿಂದ ಒಂದು ಬಸ್ಸಿನ ಮುಪ್ಪನ್ನು ಕ್ಯಾಲೆಂಡರಿನಿಂದ ಮಾತ್ರ ಅಳೆಯಲಾಗದು. ನುಣುಪಾದ ಹೆದ್ದಾರಿಯಲ್ಲಿ ಓಡಿದ ಗಾಡಿಯೂ ಭೀಮಾ ತೀರದ ಹಳ್ಳಿಗಳ ರಸ್ತೆಯಲ್ಲಿ ಓಡಿದ ಗಾಡಿಯೂ ಒಂದೇ ವರ್ಷ ನೋಂದಣಿಯಾಗಿದ್ದರೂ ಅವುಗಳ ಸವೆತ ಒಂದೇ ಆಗಿರುವುದಿಲ್ಲ.

ಹೊಗೆಯ ಲೆಕ್ಕ ಬೇರೆ, ಇಂಗಾಲದ ಲೆಕ್ಕ ಬೇರೆ

2023ರಲ್ಲಿ 15 ವರ್ಷ ತುಂಬಿದ ಬಸ್ಸು 2008ರಲ್ಲೋ ಅದಕ್ಕೂ ಮೊದಲೋ ರಸ್ತೆಗಿಳಿದದ್ದು. ಆಗ ಮಹಾನಗರಗಳ ಹೊರಗೆ ಜಾರಿಯಲ್ಲಿದ್ದ ಹೊಗೆ ಮಿತಿ ಭಾರತ್ ಸ್ಟೇಜ್ 2, ಅಂದರೆ ಬಿಎಸ್-2. 2010ರಲ್ಲಿ ಬಿಎಸ್-3, 2017ರಲ್ಲಿ ಬಿಎಸ್-4 ದೇಶವ್ಯಾಪಿಯಾದವು. 2020ರ ಏಪ್ರಿಲ್‌ನಲ್ಲಿ ದೇಶ ಬಿಎಸ್-5 ಅನ್ನು ಬಿಟ್ಟು ನೇರವಾಗಿ ಬಿಎಸ್-6ಕ್ಕೆ ಹಾರಿತು. ಡೀಸೆಲ್‌ನಲ್ಲಿದ್ದ ಗಂಧಕ ಬಿಎಸ್-3ರಲ್ಲಿ ದಶಲಕ್ಷಕ್ಕೆ 350 ಭಾಗ ಇತ್ತು, ಬಿಎಸ್-6ರಲ್ಲಿ 10ಕ್ಕೆ ಇಳಿಯಿತು.

ಎಂಜಿನ್ ಮಾಡಿದ ಪ್ರತಿ ಯೂನಿಟ್ ಕೆಲಸಕ್ಕೆ ಇಷ್ಟೇ ಮಸಿ ಬಿಡಬಹುದು ಎಂಬ ಮಿತಿ ಭಾರಿ ವಾಹನಗಳಿಗೆ ಬಿಎಸ್-2ರಲ್ಲಿ 0.15 ಗ್ರಾಂ ಇತ್ತು. ಬಿಎಸ್-6ರಲ್ಲಿ ಅದು 0.01 ಗ್ರಾಂ, ಹದಿನೈದನೇ ಒಂದು ಪಾಲು. ಇದನ್ನು ಸಾಧಿಸಲು ಹೊಗೆಕೊಳವೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರು ಬಂತು. ನೈಟ್ರೋಜನ್ ಆಕ್ಸೈಡುಗಳನ್ನು ಯೂರಿಯಾ ದ್ರಾವಣದ ನೆರವಿನಿಂದ ಮತ್ತೆ ಸಾದಾ ನೈಟ್ರೋಜನ್ ಮತ್ತು ನೀರಾಗಿಸುವ ವ್ಯವಸ್ಥೆ ಬಂತು.

ಬಸ್‌ಸ್ಟ್ಯಾಂಡಿನಲ್ಲಿ ಇಡೀ ದಿನ ಕಳೆಯುವ ಹಣ್ಣಿನ ವ್ಯಾಪಾರಿಗೆ, ಹಮಾಲರಿಗೆ, ನಿರ್ವಾಹಕರಿಗೆ, ಕಾಯುವ ಮಕ್ಕಳಿಗೆ ಇದು ನೇರ ಲಾಭ. ಹಳೆಯ ಬಸ್ಸನ್ನು ತೆಗೆಯಲು ಈ ಒಂದು ಕಾರಣವೇ ಸಾಕು. ಮಸಿ ಹವಾಮಾನದ ಶತ್ರುವೂ ಹೌದು. ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುವುದರಲ್ಲಿ ಒಂದು ಗ್ರಾಂ ಕಪ್ಪು ಇಂಗಾಲ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ನೂರಾರು ಪಟ್ಟು ಬಲಶಾಲಿ. ಆದರೆ ಅದು ವಾತಾವರಣದಲ್ಲಿ ಉಳಿಯುವುದು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಬಿಡುವುದನ್ನು ನಿಲ್ಲಿಸಿದರೆ ಫಲ ಬೇಗ ಕಾಣುತ್ತದೆ.

ಆದರೆ ಬಿಎಸ್-6 ಎಂಬ ಮುದ್ರೆ ಕಾರ್ಬನ್ ಡೈಆಕ್ಸೈಡಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೊಸ ಬಸ್ಸಿನ ಹೊಗೆ ಕಣ್ಣಿಗೆ ಕಾಣದಷ್ಟು ತಿಳಿಯಾಗಿರಬಹುದು. ಲೀಟರಿಗೆ 2.65 ಕಿಲೋ ಎಂಬ ಬಾಬತ್ತು ಮಾತ್ರ ಹಾಗೆಯೇ ಉಳಿದಿರುತ್ತದೆ.

ಹಡಗುಕಟ್ಟೆಯಿಂದ ಬಂದ ಪಾಠ

ಹಳೆಯ ಸರ್ಕಾರಿ ವಾಹನಗಳನ್ನು ಬದಲಿಸುವ ಈ ಪ್ರಶ್ನೆ ಸಮುದ್ರದಲ್ಲೂ ಇದೆ. ಜಗತ್ತಿನ ಹಡಗುಗಳೆಲ್ಲ ಸೇರಿ ಮನುಷ್ಯರ ಹಸಿರುಮನೆ ಅನಿಲದಲ್ಲಿ ಸುಮಾರು ಶೇ 3ರಷ್ಟನ್ನು ಬಿಡುತ್ತವೆ. ಅಂತರರಾಷ್ಟ್ರೀಯ ಕಡಲ ಸಂಘಟನೆ 2023ರಲ್ಲಿ, 2050ರ ಹೊತ್ತಿಗೆ ಅಂತರರಾಷ್ಟ್ರೀಯ ಹಡಗುಗಳ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ತರುವ ಗುರಿ ಹಾಕಿಕೊಂಡಿತು. ನಮ್ಮ ಸರ್ಕಾರಿ ಸಂಶೋಧನಾ ನೌಕೆ ಸಾಗರ ಕನ್ಯಾ 1983ರದು. ಹೊಸ ಸಾಗರ ಸಂಶೋಧನಾ ನೌಕೆಯೊಂದನ್ನು ಕಟ್ಟಲು 2024ರ ಜುಲೈನಲ್ಲಿ ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆಯೊಂದಿಗೆ ಒಪ್ಪಂದವಾಯಿತು. ಬಂದರುಗಳಲ್ಲಿ ದೊಡ್ಡ ಹಡಗುಗಳನ್ನು ಎಳೆದು ತಳ್ಳುವ ಡೀಸೆಲ್ ಟಗ್‌ಗಳ ಜಾಗಕ್ಕೆ ಸ್ವಚ್ಛ ಇಂಧನದ ಟಗ್‌ಗಳನ್ನು ತರುವ ಕಾರ್ಯಕ್ರಮವನ್ನೂ ಕೇಂದ್ರ ಅದೇ ವರ್ಷ ಆರಂಭಿಸಿತು. ನಮ್ಮ ಮಲ್ಪೆಯಲ್ಲಿರುವ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಟಗ್‌ಗಳನ್ನೂ, ನಾರ್ವೆಯ ಕಂಪನಿಗೆ ಸರಕು ಹಡಗುಗಳನ್ನೂ ಕಟ್ಟುತ್ತಿದೆ.

ಹಡಗಿನವರು ಮೊದಲು ಕೇಳುವ ಪ್ರಶ್ನೆ: ಹೊಸದನ್ನು ಕಟ್ಟಲು ಎಷ್ಟು ಇಂಗಾಲ ಖರ್ಚು, ಅದು ಎಷ್ಟು ವರ್ಷದಲ್ಲಿ ತೀರುತ್ತದೆ? ಇದೇ ಪ್ರಶ್ನೆಯನ್ನು ಬಸ್ಸಿಗೆ ಕೇಳೋಣ. ಭಾರತದಲ್ಲಿ ಒಂದು ಟನ್ ಉಕ್ಕು ಮಾಡಲು ಸರಾಸರಿ 2.5 ಟನ್ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಬಸ್ಸಿನಲ್ಲಿ 8 ಟನ್ ಲೋಹ ಎಂದು ಹಿಡಿದರೆ ಅದೊಂದಕ್ಕೇ 20 ಟನ್. ಈಗ ಹಳೆಯ ಬಸ್ಸು ಲೀಟರಿಗೆ 4.6 ಕಿ.ಮೀ., ಹೊಸದು 5.2 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಒಂದು ಲಕ್ಷ ಕಿ.ಮೀ. ಓಡಿದರೆ ಉಳಿಯುವುದು 2,500 ಲೀಟರ್ ಡೀಸೆಲ್, ಅಂದರೆ ಆರೂವರೆ ಟನ್. ಮೂರು ವರ್ಷಕ್ಕೆ ಉಕ್ಕಿನ ಸಾಲ ತೀರಿತು. ಆಮೇಲಿನ ಹತ್ತು–ಹನ್ನೆರಡು ವರ್ಷ ಉಳಿತಾಯವೇ. ಹಳೆಯ ಬಸ್ಸಿನ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಮತ್ತೆ ಬಳಸಿದರೆ, ಅದಿರಿನಿಂದ ಹೊಸ ಉಕ್ಕು ತೆಗೆಯುವುದಕ್ಕಿಂತ ಬಹಳ ಕಡಿಮೆ ಇಂಗಾಲ ಖರ್ಚಾಗುತ್ತದೆ. ಗುಜರಿ ಅಂಗಳ ಇಲ್ಲಿ ಗಣಿಯ ಕೆಲಸ ಮಾಡುತ್ತದೆ. ಎಂಜಿನ್ ಗಟ್ಟಿಯಾಗಿದ್ದು ಮೈ ಮಾತ್ರ ಜೀರ್ಣವಾದ ಬಸ್ಸುಗಳನ್ನು ಕೆಎಸ್ಆರ್‌ಟಿಸಿ ತನ್ನ ಕಾರ್ಯಾಗಾರಗಳಲ್ಲೇ ಬಿಚ್ಚಿ ಪುನಶ್ಚೇತನಗೊಳಿಸಿದ್ದೂ ಇಂಥದ್ದೇ ಉಳಿತಾಯ.

ಹಡಗಿನವರಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ನೀರಿನಲ್ಲಿ ಹಡಗಿನ ವೇಗ ಹೆಚ್ಚಿದಂತೆ ಬೇಕಾಗುವ ಶಕ್ತಿ ಹೆಚ್ಚೂಕಡಿಮೆ ವೇಗದ ಘನದ ಅನುಪಾತದಲ್ಲಿ ಏರುತ್ತದೆ. ವೇಗವನ್ನು ಶೇ 10ರಷ್ಟು ಇಳಿಸಿದರೆ ಅದೇ ದೂರಕ್ಕೆ ಬೇಕಾಗುವ ಇಂಧನ ಶೇ 19ರಷ್ಟು ಕಡಿಮೆಯಾಗುತ್ತದೆ. ತಳಕ್ಕೆ ಅಂಟಿದ ಚಿಪ್ಪು, ಪಾಚಿ ಕೆರೆದು ತೆಗೆದರೆ ಇನ್ನಷ್ಟು ಉಳಿಯುತ್ತದೆ. ಹೊಸ ಹಡಗು ಕೊಳ್ಳುವ ಮೊದಲೇ ಇದೆಲ್ಲ ಸಾಧ್ಯ. ಡಿಪೋದಲ್ಲಿ ಇದಕ್ಕೆ ಸಮನಾದವು ನಾಝಲ್ ಪರೀಕ್ಷೆ, ಟೈರಿನ ಗಾಳಿ, ಸ್ವಚ್ಛ ಏರ್ ಫಿಲ್ಟರು, ಹದವರಿತ ಚಾಲನೆ. ಹೊಸ ಬಸ್ಸು ಬರುವವರೆಗೆ ಹಳೆಯದನ್ನು ಹಸನಾಗಿ ನೋಡಿಕೊಳ್ಳುವ ಮೆಕ್ಯಾನಿಕ್ ಹವಾಮಾನದ ಕೆಲಸವನ್ನೇ ಮಾಡುತ್ತಿರುತ್ತಾನೆ.

ತಲೆಗೆಷ್ಟು ಎಂಬ ಲೆಕ್ಕ

ಇಲ್ಲಿಯವರೆಗೆ ನಾವು ಬಸ್ಸನ್ನು ಮಾತ್ರ ಅಳೆದೆವು. ಈಗ ಅದರೊಳಗೆ ಕೂತವರನ್ನು ಎಣಿಸೋಣ. ಚಿತ್ರ ಪೂರ್ತಿ ಬದಲಾಗುತ್ತದೆ.

ಲೀಟರಿಗೆ 4.6 ಕಿ.ಮೀ. ಕೊಡುವ ಆ ಹಳೆಯ ಬಸ್ಸು ಕಿ.ಮೀ.ಗೆ 576 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಒಳಗೆ 45 ಮಂದಿ ಇದ್ದರೆ ತಲೆಗೆ ಸುಮಾರು 13 ಗ್ರಾಂ. ಲೀಟರಿಗೆ 50 ಕಿ.ಮೀ. ಕೊಡುವ ಬೈಕಿನಲ್ಲಿ ಒಬ್ಬನೇ ಹೋದರೆ, ಒಂದು ಲೀಟರ್ ಪೆಟ್ರೋಲಿಗೆ 2.3 ಕಿಲೋದಂತೆ, ಕಿ.ಮೀ.ಗೆ 46 ಗ್ರಾಂ. ಇಬ್ಬರು ಕೂತರೆ ತಲೆಗೆ 23. ಅಂದರೆ ಅರ್ಧ ಖಾಲಿ ಓಡಿದರೂ ಮುದಿ ಬಸ್ಸು ಒಬ್ಬನೇ ಕೂತ ಹೊಸ ಬೈಕಿಗಿಂತ ಹಗುರ. ಒಬ್ಬೊಬ್ಬರೇ ಹೋಗುವ ಬೈಕುಗಳಿಗೆ ಸರಿದೂಗಲು ಬಸ್ಸಿನಲ್ಲಿ 13 ಮಂದಿ ಇದ್ದರೆ ಸಾಕು.

ಹೊಸ ಬಸ್ಸು ಬಂದರೆ ಕಿ.ಮೀ.ಗೆ 576 ಗ್ರಾಂ 510ಕ್ಕೆ ಇಳಿಯುತ್ತದೆ. ಉಳಿತಾಯ 66 ಗ್ರಾಂ. ಇದನ್ನು ಬೈಕಿನ 46 ಗ್ರಾಂ ಪಕ್ಕ ಇಟ್ಟು ನೋಡಿ. ಹಳೆಯ ಬಸ್ಸು ತಾಸುಗಟ್ಟಲೆ ತಡವಾಗುತ್ತದೆಂದು, ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆಂದು ಇಬ್ಬರು ಪ್ರಯಾಣಿಕರು ಒಂದೊಂದು ಬೈಕು ತೆಗೆದರೆ ಹೊಸದಾಗಿ ಸೇರುವುದು 92 ಗ್ರಾಂ. ಹತ್ತು ಮಂದಿ ಹಾಗೆ ಮಾಡಿದರೆ 460 ಗ್ರಾಂ, ಹೆಚ್ಚೂಕಡಿಮೆ ಇನ್ನೊಂದು ಬಸ್ಸನ್ನೇ ಓಡಿಸಿದಷ್ಟು. ಬಸ್ಸಂತೂ ಉಳಿದ 35 ಮಂದಿಗಾಗಿ ಓಡುತ್ತಲೇ ಇರುತ್ತದೆ.

ಈ ಲೆಕ್ಕವೇ ಈ ಅಧ್ಯಾಯದ ತಿರುಳು. ಹೊಸ ಎಂಜಿನ್ನು ತಂದುಕೊಡುವ ಇಂಧನದ ಉಳಿತಾಯಕ್ಕಿಂತ, ನಂಬಿಗಸ್ತ ಬಸ್ಸು ಬೈಕಿಗೆ ಹೋಗದಂತೆ ಹಿಡಿದಿಟ್ಟ ಇಬ್ಬರು ಪ್ರಯಾಣಿಕರ ತೂಕ ಹೆಚ್ಚು. ಹಾಗೆಯೇ, ಹೊಸದು ಬರುವ ಮುಂಚೆ ಹಳೆಯದನ್ನು ಗುಜರಿಗೆ ಹಾಕಿ ಒಂದು ಟ್ರಿಪ್ಪು ರದ್ದಾದರೆ, ಕಾಗದದ ಮೇಲೆ ಕಡಿಮೆಯಾದ ಇಂಗಾಲ ರಸ್ತೆಯ ಮೇಲೆ ಹೆಚ್ಚಾಗಿರುತ್ತದೆ.

ಬಸ್ ತಪ್ಪಿದ ಊರಿನಲ್ಲಿ ಏನಾಗುತ್ತದೆ ಎಂಬುದು ಇಲ್ಲಿಯ ಎಲ್ಲರಿಗೂ ಗೊತ್ತು. ಟಂಟಂ ಆಟೋ ಬರುತ್ತದೆ, ಕ್ರೂಸರ್ ಜೀಪು ಬರುತ್ತದೆ. ಹದಿನಾಲ್ಕು ಮಂದಿಯನ್ನು ತುಂಬಿದ ಕ್ರೂಸರ್ ತಲೆಲೆಕ್ಕದಲ್ಲಿ ಕೆಟ್ಟದ್ದೇನಲ್ಲ, ಬಸ್ಸಿನ ಹತ್ತಿರಕ್ಕೇ ಬರುತ್ತದೆ. ಆದರೆ ಅದು ತುಂಬುವವರೆಗೆ ಹೊರಡುವುದಿಲ್ಲ, ಫುಟ್‌ಬೋರ್ಡಿನ ಮೇಲೂ ಜನ ನಿಲ್ಲುತ್ತಾರೆ, ಅಲ್ಲಿ ಶಕ್ತಿಯ ಉಚಿತ ಟಿಕೆಟಿಲ್ಲ, ವಿದ್ಯಾರ್ಥಿ ಪಾಸೂ ನಡೆಯುವುದಿಲ್ಲ. ಹುಡುಗನಾದರೆ ಬೈಕಿನ ಕಂತು ಕಟ್ಟುತ್ತಾನೆ. ಹುಡುಗಿಯಾದರೆ ಎಷ್ಟೋ ಮನೆಗಳಲ್ಲಿ ಕಾಲೇಜೇ ನಿಲ್ಲುತ್ತದೆ. ಹವಾಮಾನದ ಲೆಕ್ಕಪತ್ರದಲ್ಲಿ ಮನೆಯಲ್ಲೇ ಉಳಿದ ಹುಡುಗಿ ಸೊನ್ನೆ ಗ್ರಾಂ ಎಂದು ದಾಖಲಾಗುತ್ತಾಳೆ. ಅದನ್ನು ಉಳಿತಾಯವೆಂದು ಕರೆಯುವ ಯಾವ ವಿಜ್ಞಾನವೂ ನಮಗೆ ಬೇಡ.

ಕರೆಂಟಿನ ಬಸ್ಸು ಮತ್ತು ವಸ್ತಿ ಬಸ್ಸು

ಹಾಗಾದರೆ ಡೀಸೆಲ್ಲನ್ನೇ ಬಿಟ್ಟು ವಿದ್ಯುತ್ ಬಸ್ಸು ತಂದರೆ? ಬೆಂಗಳೂರಿನಲ್ಲಿ ಬಿಎಂಟಿಸಿ ಈಗಾಗಲೇ ದೊಡ್ಡ ಸಂಖ್ಯೆಯಲ್ಲಿ ಅವನ್ನು ಓಡಿಸುತ್ತಿದೆ. ಯಂತ್ರವಾಗಿ ಅದು ಮೇಲು ಎಂಬುದರಲ್ಲಿ ಸಂದೇಹವಿಲ್ಲ. ಡೀಸೆಲ್ ಎಂಜಿನ್ನು ಇಂಧನದ ಶಕ್ತಿಯಲ್ಲಿ ಸುಮಾರು ಐದರಲ್ಲಿ ಮೂರು ಪಾಲನ್ನು ಬಿಸಿಯಾಗಿ ಚೆಲ್ಲುತ್ತದೆ. ವಿದ್ಯುತ್ ಮೋಟಾರು ಹತ್ತರಲ್ಲಿ ಒಂದು ಪಾಲನ್ನೋ ಸ್ವಲ್ಪ ಹೆಚ್ಚನ್ನೋ ಮಾತ್ರ ಕಳೆಯುತ್ತದೆ. ಬ್ರೇಕು ಒತ್ತಿದಾಗ ಮೋಟಾರೇ ಜನರೇಟರಾಗಿ ವೇಗವನ್ನು ಮತ್ತೆ ಬ್ಯಾಟರಿಗೆ ಸೇರಿಸುತ್ತದೆ.

ಆದರೆ ಕರೆಂಟು ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿಯುತ್ತದೆ. ದೇಶದ ವಿದ್ಯುತ್ತಿನಲ್ಲಿ ಇಂದಿಗೂ ಮುಕ್ಕಾಲರಷ್ಟು ಕಲ್ಲಿದ್ದಲಿನದು. ನಮ್ಮ ನೆರೆಯ ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರವೂ ಕಲ್ಲಿದ್ದಲನ್ನೇ ಉರಿಸುತ್ತದೆ. ರಾಷ್ಟ್ರೀಯ ಗ್ರಿಡ್ಡಿನ ಸರಾಸರಿ ಒಂದು ಯೂನಿಟ್ಟಿಗೆ ಸುಮಾರು 0.72 ಕಿಲೋ ಕಾರ್ಬನ್ ಡೈಆಕ್ಸೈಡ್. ದೊಡ್ಡ ವಿದ್ಯುತ್ ಬಸ್ಸು ಕಿ.ಮೀ.ಗೆ ಹೆಚ್ಚೂಕಡಿಮೆ ಒಂದು ಯೂನಿಟ್ ಬಳಸುತ್ತದೆ, ಎ.ಸಿ. ಇದ್ದರೆ ಇನ್ನೂ ಹೆಚ್ಚು. ಅಂದರೆ ಕಿ.ಮೀ.ಗೆ 720 ಗ್ರಾಂ. ಹೊಸ ಡೀಸೆಲ್ ಬಸ್ಸಿನ 510 ಗ್ರಾಂಗೆ ಕಚ್ಚಾತೈಲ ತೆಗೆಯುವ, ಸಂಸ್ಕರಿಸುವ, ಸಾಗಿಸುವ ಖರ್ಚು ಐದನೇ ಒಂದರಷ್ಟು ಸೇರಿಸಿದರೆ 610 ಗ್ರಾಂ ಆಗುತ್ತದೆ. ಇಂದಿನ ಗ್ರಿಡ್ಡಿನಲ್ಲಿ, ಸಲೀಸಾಗಿ ಓಡುವ ಗ್ರಾಮೀಣ ಮಾರ್ಗದಲ್ಲಿ, ವಿದ್ಯುತ್ ಬಸ್ಸು ಡೀಸೆಲ್ ಬಸ್ಸನ್ನು ಇನ್ನೂ ಸೋಲಿಸಿಲ್ಲ. ಸಿಗ್ನಲ್ಲಿಗೊಮ್ಮೆ ನಿಲ್ಲುವ ನಗರದಲ್ಲಿ ಡೀಸೆಲ್ ಬಸ್ಸು ಲೀಟರಿಗೆ ಮೂರೂವರೆ ಕಿ.ಮೀ.ಗೆ ಇಳಿಯುತ್ತದೆ. ಅಲ್ಲಿ ವಿದ್ಯುತ್ ಬಸ್ಸಿನದೇ ಗೆಲುವು.

ಇದನ್ನು ವಿದ್ಯುತ್ ಬಸ್ಸಿನ ವಿರುದ್ಧದ ವಾದವೆಂದು ತಿಳಿಯಬಾರದು. ಡೀಸೆಲ್ ಬಸ್ಸಿನ 510 ಗ್ರಾಂ ಅದರ ಆಯುಷ್ಯ ಮುಗಿಯುವವರೆಗೆ ಇಳಿಯುವುದಿಲ್ಲ, ಸವೆದಂತೆ ಏರುತ್ತದೆ. ವಿದ್ಯುತ್ ಬಸ್ಸಿನದು ಗ್ರಿಡ್ಡಿಗೆ ಸೌರಫಲಕ, ಗಾಳಿಯಂತ್ರ ಸೇರಿದಂತೆಲ್ಲ ತಾನಾಗಿ ಇಳಿಯುತ್ತದೆ. ಇಂದು ಕೊಂಡ ಬಸ್ಸು ಇನ್ನು ಹನ್ನೆರಡು–ಹದಿನೈದು ವರ್ಷ ಓಡಬೇಕು, ಅಷ್ಟರಲ್ಲಿ ಗ್ರಿಡ್ಡು ಬದಲಾಗಿರುತ್ತದೆ. ಪೂರ್ತಿ ಸೌರವಿದ್ಯುತ್ತಿನಿಂದ ಓಡಿಸಿದರೆ, ಫಲಕ ತಯಾರಿಸಿದ ಇಂಗಾಲವನ್ನೂ ಹಿಡಿದು, ಕಿ.ಮೀ.ಗೆ ಸುಮಾರು 40 ಗ್ರಾಂ. ಅಂದರೆ 45 ಮಂದಿಯ ಇಡೀ ಬಸ್ಸು ಒಂದು ಬೈಕಿಗಿಂತ ಕಡಿಮೆ!

ಕಲಬುರಗಿಯ ಬಿಸಿಲಿಗೆ ಬರವಿಲ್ಲ. ಒಂದು ಕಿಲೋವಾಟ್ ಸೌರಫಲಕ ಇಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ದಿನಕ್ಕೆ 300 ಕಿ.ಮೀ. ಓಡುವ ಬಸ್ಸಿಗೆ 75–80 ಕಿಲೋವಾಟ್ ಫಲಕ ಬೇಕು. ತೊಡಕಿರುವುದು ಹೊತ್ತಿನದು. ಬಿಸಿಲು ನೆತ್ತಿಗೇರಿದಾಗ ಬಸ್ಸು ಡಿಪೋದಲ್ಲಿರುವುದಿಲ್ಲ, ರಸ್ತೆಯಲ್ಲಿರುತ್ತದೆ. ಆದ್ದರಿಂದ ಫಲಕ ಡಿಪೋದ ಮೇಲೆ ಹಾಕಿದರೂ, ಮಧ್ಯಾಹ್ನ ಒಂದು ತಾಸು ಬಸ್ಸು ನಿಂತು ಚಾರ್ಜ್ ಆಗುವ ವ್ಯವಸ್ಥೆ ಕಲಬುರಗಿಯ ನಿಲ್ದಾಣದಲ್ಲಿ ಬೇಕು. ಕಲಬುರಗಿಯಿಂದ ಆಳಂದ, ಜೇವರ್ಗಿ ಎರಡೂ 40 ಕಿ.ಮೀ. ಆಸುಪಾಸಿನಲ್ಲಿವೆ. ಒಂದು ಸಲ ಚಾರ್ಜಿಗೆ 200 ಕಿ.ಮೀ. ಓಡುವ ಬಸ್ಸು ಎರಡು ಸುತ್ತು ಮುಗಿಸಿ ಊಟದ ಹೊತ್ತಿಗೆ ಚಾರ್ಜರಿಗೆ ಬರಬಹುದು. ಬೇಸಿಗೆಯಲ್ಲಿ ಪಾದರಸ 42 ಡಿಗ್ರಿ ದಾಟುವ ಈ ಊರಿನಲ್ಲಿ ಬ್ಯಾಟರಿಯನ್ನು ತಣ್ಣಗಿಡಲು ಒಂದಿಷ್ಟು ಕರೆಂಟು ಹೋಗುತ್ತದೆ. ನೆರಳಿನ ಚಾವಣಿಯೂ ಸೌರಫಲಕವೇ ಆದರೆ ಎರಡೂ ಕೆಲಸ ಒಟ್ಟಿಗೆ ಆದಂತೆ.

ನಿಜವಾದ ಸವಾಲು ವಸ್ತಿ ಬಸ್ಸಿನದು. ಸಂಜೆ ತಾಲ್ಲೂಕು ಕೇಂದ್ರ ಬಿಟ್ಟು, ಸಂತೆಯ ಚೀಲ, ಶಾಲೆಯ ಮಕ್ಕಳು, ಕೂಲಿ ಮುಗಿಸಿದವರನ್ನು ಊರೂರಿಗೆ ಇಳಿಸುತ್ತ, ಕೊನೆಯ ಹಳ್ಳಿಯಲ್ಲಿ ರಾತ್ರಿ ಉಳಿದು, ನಸುಕಿನಲ್ಲಿ ಹೊರಡುವ ಬಸ್ಸು ಅದು. ಚಾಲಕ–ನಿರ್ವಾಹಕರು ಅಲ್ಲೇ ಮಲಗುತ್ತಾರೆ. ಬೆಳಗಿನ ಕಾಲೇಜಿಗೆ, ಕೋರ್ಟಿನ ತಾರೀಖಿಗೆ, ಆಸ್ಪತ್ರೆಯ ಚೀಟಿಗೆ ಹಳ್ಳಿಯವರಿಗೆ ಇದೇ ಆಧಾರ. ಬ್ಯಾಟರಿ ಬಸ್ಸು ಅಲ್ಲಿ ರಾತ್ರಿ ಏನು ಮಾಡಬೇಕು? ಲೆಕ್ಕ ಅಷ್ಟೇನೂ ಹೆದರಿಸುವಂಥದ್ದಲ್ಲ. 150 ಯೂನಿಟ್ಟನ್ನು ಏಳು ತಾಸಿನಲ್ಲಿ ತುಂಬಿಸಲು ಬೇಕಾಗುವುದು ಸುಮಾರು 21 ಕಿಲೋವಾಟ್, ಅಂದರೆ ಏಳೂವರೆ ಎಚ್‌ಪಿಯ ಮೂರ್ನಾಲ್ಕು ಪಂಪ್‌ಸೆಟ್ಟುಗಳಷ್ಟು. ಇಲ್ಲಿಯ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂ ಆ ಹಳ್ಳಿಗೆ ಒಂದು ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಹಾಕಿ, ರಾತ್ರಿ ಕರೆಂಟು ಕಡಿತವಾಗದಂತೆ ನೋಡಿಕೊಂಡರೆ ಆದೀತು. ಆದರೆ ಒಂದು ರಾತ್ರಿ ಕರೆಂಟು ಹೋದರೆ ಮರುದಿನ ಇಡೀ ಮಾರ್ಗದ ಮಂದಿ ರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ. ಆ ಭರವಸೆ ಬರುವವರೆಗೆ ವಸ್ತಿ ಮಾರ್ಗಗಳಿಗೆ ಒಳ್ಳೆಯ ಹೊಸ ಡೀಸೆಲ್ ಬಸ್ಸೇ ಸರಿ.

ಕ್ರಮ ಹೇಗಿರಬೇಕು

ಈ ಲೆಕ್ಕಗಳನ್ನೆಲ್ಲ ಕೂಡಿಸಿದರೆ ಬದಲಾವಣೆಯ ಕ್ರಮ ತಾನಾಗಿ ಮೂಡುತ್ತದೆ. ಹೊಸ ಬಸ್ಸು ಡಿಪೋದ ಗೇಟಿನೊಳಗೆ ಬಂದ ಮೇಲೆಯೇ ಹಳೆಯದು ಗುಜರಿಗೆ ಹೊರಡಬೇಕು. ಇದಕ್ಕಾಗಿ 15ನೇ ವರ್ಷ ಬರುವವರೆಗೆ ಕಾಯದೆ, ಮುಂದಿನ ಐದು ವರ್ಷಗಳಲ್ಲಿ ಯಾವ ಡಿಪೋದಲ್ಲಿ ಎಷ್ಟು ಬಸ್ಸಿಗೆ ವಯಸ್ಸು ತುಂಬುತ್ತದೆಂದು ಈಗಲೇ ಪಟ್ಟಿ ಮಾಡಿ, ಅಷ್ಟಕ್ಕೆ ಹಣ ಎತ್ತಿಡಬೇಕು. ಮಸಿ ಹೆಚ್ಚು ಬಿಡುವ, ಪದೇ ಪದೇ ಕೆಡುವ ಗಾಡಿಗಳು ಮೊದಲು ಹೋಗಬೇಕು. ವಿದ್ಯುತ್ ಬಸ್ಸುಗಳು ಕಲಬುರಗಿ ನಗರದಲ್ಲಿ, ಬಳಿಕ ಆಳಂದ, ಜೇವರ್ಗಿಯಂಥ ಹತ್ತಿರದ, ಪ್ರಯಾಣಿಕರು ಸದಾ ತುಂಬಿರುವ ಮಾರ್ಗಗಳಲ್ಲಿ ಬರಬೇಕು. ಅಫಜಲಪುರದ ದೂರದ ಮಾರ್ಗಗಳಿಗೆ, ಗಾಣಗಾಪುರದ ಹುಣ್ಣಿಮೆಯ ಜನಜಾತ್ರೆಗೆ, ಹಳ್ಳಿಗಳ ವಸ್ತಿಗೆ ಡೀಸೆಲ್ ಬಸ್ಸುಗಳು ಇನ್ನೂ ಕೆಲವು ವರ್ಷ ಬೇಕು. ಅವುಗಳ ನಿರ್ವಹಣೆಯಲ್ಲಿ ಜಿಪುಣತನ ಮಾಡಬಾರದು. ಎರೆಭೂಮಿಯ ರಸ್ತೆಗೆ ಸರಿಯಾದ ಅಡಿಪಾಯ ಹಾಕುವುದೂ ಇದೇ ಯೋಜನೆಯ ಭಾಗವಾಗಬೇಕು, ಏಕೆಂದರೆ ಕೆಟ್ಟ ರಸ್ತೆಯಲ್ಲಿ ಹೊಸ ಬಸ್ಸೂ ಬೇಗನೆ ಮುದಿಯಾಗುತ್ತದೆ.

ಇನ್ನೊಂದು ಸಣ್ಣ ಬದಲಾವಣೆ ಎಲ್ಲಕ್ಕಿಂತ ಮುಖ್ಯವೆಂದು ನನ್ನ ನಂಬಿಕೆ. ಡಿಪೋದಲ್ಲಿ ಲೀಟರ್, ಕಿ.ಮೀ., ಪ್ರಯಾಣಿಕರ ಸಂಖ್ಯೆ ಮೂರೂ ದಿನವೂ ದಾಖಲಾಗುತ್ತವೆ. ಶಕ್ತಿ ಯೋಜನೆ ಬಂದ ಮೇಲೆ ಶೂನ್ಯ ಟಿಕೆಟಿನ ಪ್ರಯಾಣಿಕರೂ ಎಣಿಕೆಗೆ ಸಿಗುತ್ತಾರೆ. ಈ ಮೂರನ್ನು ಒಟ್ಟಿಗೆ ಇಟ್ಟರೆ ಪ್ರತಿ ಮಾರ್ಗದಲ್ಲಿ ತಲೆಗೆ, ಕಿ.ಮೀ.ಗೆ ಎಷ್ಟು ಗ್ರಾಂ ಎಂಬುದು ಸಿಗುತ್ತದೆ. ಅದರ ಜೊತೆಗೆ ರದ್ದಾದ ಟ್ರಿಪ್ಪುಗಳ ಸಂಖ್ಯೆಯನ್ನೂ ತಿಂಗಳಿಗೊಮ್ಮೆ ಬಸ್‌ಸ್ಟ್ಯಾಂಡಿನ ಫಲಕದ ಮೇಲೆ ಬರೆದು ಹಾಕಬೇಕು. ಎಷ್ಟು ಹಳೆಯ ಬಸ್ಸು ಗುಜರಿಗೆ ಹೋಯಿತು ಎಂಬ ಅಂಕಿ ಸರ್ಕಾರದ ಕಡತಕ್ಕೆ ಸಾಕು. ಆಳಂದ, ಅಫಜಲಪುರ, ಜೇವರ್ಗಿಯ ಜನರಿಗೆ ಬೇಕಾದ ಅಂಕಿ, ಹೇಳಿದ ಹೊತ್ತಿಗೆ ಎಷ್ಟು ಬಸ್ಸು ಬಂತು, ಎಷ್ಟು ಮಂದಿ ಹತ್ತಿದರು ಎಂಬುದು. ಭೂಮಿಯ ಬಿಸಿ ಎಷ್ಟು ಕಡಿಮೆಯಾಯಿತು ಎಂಬುದಕ್ಕೂ ಸರಿಯಾದ ಅಳತೆ ಇದೇ.